ನಗಬೇಕಾದರೆ ಹತ್ತಿರ ಬನ್ನಿ

ಬಕ್ರೀದಿಗೆ ಇನ್ನು ಮೂರು ದಿನ ಇತ್ತು. ನಮ್ಮ ಬೀದಿಯ ಗಾದಿ ಅಂಗಡಿಯ ಚಾಚಾ ಸಂತೆಯಲ್ಲಿ ಹೋತವೊಂದನ್ನು ಕೊಂಡು ಆಟೋದಲ್ಲಿ ಬಂದಿಳಿದರು. ಇಳಿದರು ಎನ್ನುವುದು ಪೂರ್ತಿ ನಿಜವಲ್ಲ, ಇಳಿಯಲು ಹೆಣಗುತ್ತಿದ್ದರು. ಹೋತ ಸೀಟಿನ ಮೇಲೆ ಸಾಹುಕಾರನ ಹಾಗೆ ಕೂತು, ಕತ್ತನ್ನು ಹೊರಗೆ ಚಾಚಿ ಬೀದಿ ನೋಡುತ್ತಿತ್ತು. ಎಪ್ಪತ್ತು ದಾಟಿದ ಚಾಚಾ ಅದರ ಹಿಂದೆ ಮೂಲೆಗೆ ಒತ್ತಿಕೊಂಡು, ತಮ್ಮ ಕನ್ನಡಕದ ಮೇಲೆ ಬೀಳುತ್ತಿದ್ದ ಅದರ ಕಿವಿಯನ್ನು ಊದಿ ಊದಿ ಸರಿಸುತ್ತಿದ್ದರು. ಎರಡೂ ಕೈ ಹಗ್ಗದಲ್ಲಿದ್ದವು. ಹೋತಕ್ಕೂ ಗಡ್ಡ, ಚಾಚಾಗೂ ಗಡ್ಡ. ನೋಡಿದವರು ನಗದಿರುವುದು ಸಾಧ್ಯವಿರಲಿಲ್ಲ. ನಾವೂ ನಕ್ಕೆವು.

ಆಗ ಬೀದಿಯಲ್ಲಿ ಕ್ಯಾಮೆರಾ ಹಿಡಿದ ಹುಡುಗರು ಇಬ್ಬರಿದ್ದರು. ಹಬ್ಬ ಹತ್ತಿರ ಬಂದಾಗ ಇಂಥವರು ನಮ್ಮ ಬೀದಿಗೆ ಬರುವುದು ಹೊಸತೇನಲ್ಲ. ಒಬ್ಬ ಎದುರು ಕಟ್ಟಡದ ಮಹಡಿ ಮೆಟ್ಟಿಲ ಮೇಲೆ ನಿಂತು, ಮೊಳದುದ್ದದ ಲೆನ್ಸ್ ಚಾಚಿ ನಾಲ್ಕೈದು ಫೋಟೋ ತೆಗೆದುಕೊಂಡು ಹಾಗೇ ಹೊರಟುಹೋದ. ಇನ್ನೊಬ್ಬ ನೇರ ಆಟೋ ಬಳಿಗೆ ಬಂದು ಮೊಣಕಾಲೂರಿ, ಎರಡು ಮೊಳದ ದೂರದಲ್ಲಿ ಕ್ಯಾಮೆರಾ ಹಿಡಿದು ಒತ್ತಿದ. ಆಮೇಲೆಯೇ ಚಾಚಾ ಅವನನ್ನು ನೋಡಿದ್ದು. ನೋಡಿದವರೇ "ಪೈಲೇ ಇಸ್ಕಾ ಲೇ ಬೇಟಾ, ಆಟೋ ಕಾ ಭಾಡಾ ಯೇಚ್ ದೇತಾ" ಎಂದರು. ಮೊದಲು ಇವನದು ತೆಗಿ ಮಗಾ, ಆಟೋ ಬಾಡಿಗೆ ಕೊಡುವವನು ಇವನೇ ಎಂದು. ಹುಡುಗ ನಗುತ್ತಾ ಹೋತವನ್ನು ಇಳಿಸಲು ಕೈ ಕೊಟ್ಟ. ಅವನ ಗಮನ ಹಗ್ಗದ ಮೇಲಿದ್ದಾಗ ಹೋತ ಅವನ ಕ್ಯಾಮೆರಾ ಚೀಲದ ಪಟ್ಟಿಯನ್ನು ಜಗಿಯಲು ಶುರು ಮಾಡಿತು. ಈಗ ಬೀದಿಯೆಲ್ಲ ಆ ಹುಡುಗನನ್ನು ನೋಡಿ ನಕ್ಕಿತು.

ಹಬ್ಬ ಕಳೆದ ವಾರಕ್ಕೆ ಅವನು ಫೋಟೋದ ಪ್ರತಿಯೊಂದನ್ನು ತಂದುಕೊಟ್ಟ. ಅದು ಗಾದಿ ಅಂಗಡಿಯ ಗೋಡೆಗೆ ಹತ್ತಿತು. ಮಹಡಿ ಮೆಟ್ಟಿಲಿನ ಫೋಟೋ ಕೂಡ ಬೀದಿಗೆ ಮರಳಿ ಬಂತು, ಮೂರು ವಾರ ಬಿಟ್ಟು, ಮೊಬೈಲುಗಳಲ್ಲಿ. ಅದರ ಕೆಳಗೆ ಯಾರೋ ಬರೆದಿದ್ದರು: 'ಇವರಿಬ್ಬರಲ್ಲಿ ಹೋತ ಯಾವುದು, ಗುರುತಿಸಿ.' ಚಾಚಾನ ಮೊಮ್ಮಗ ಅದನ್ನು ಅಜ್ಜನಿಗೆ ಕಾಣದಂತೆ ಅಳಿಸಿಹಾಕಿದ. ಆ ಸಾಲನ್ನು ಫೋಟೋ ತೆಗೆದ ಹುಡುಗನೇ ಬರೆದನೆಂದು ನಾವು ಹೇಳುವುದಿಲ್ಲ, ಬಹುಶಃ ಅವನಲ್ಲ. ಆದರೆ ಅಂಥ ಸಾಲು ಹತ್ತಿಕೊಳ್ಳಲು ಬೇಕಾದ ಜಾಗವನ್ನು ಆ ಫೋಟೋ ಖಾಲಿ ಬಿಟ್ಟಿತ್ತು.

ಅದೇ ಆಟೋ, ಅದೇ ಚಾಚಾ, ಅದೇ ಹೋತ. ಎರಡರಲ್ಲೂ ನಗು ಇದೆ. ವ್ಯತ್ಯಾಸ ಎಲ್ಲಿ ಬಂತು? ಇದು ಒಂದು ಬೀದಿಯ ಪ್ರಶ್ನೆ ಮಾತ್ರವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲಿ, ಗೊತ್ತಿಲ್ಲದವರ ತಮಾಷೆಯ ಚಿತ್ರ ತೆಗೆಯುವುದು ಎಲ್ಲರ ಹವ್ಯಾಸವಾಗಿದೆ. ಎಲ್ಲರೂ ಒಂದಲ್ಲ ಒಂದು ದಿನ ಯಾರದೋ ಚಿತ್ರದಲ್ಲಿ ಹೋತದ ಪಕ್ಕ ಕೂತಿರುತ್ತೇವೆ.

ಈ ವಿಷಯದಲ್ಲಿ ಮರ್ಯಾದಸ್ಥರ ಎರಡು ಮತಗಳಿವೆ. ಒಂದು, ಅಪರಿಚಿತರ ಹತ್ತಿರ ಹೋಗುವುದೇ ಒರಟುತನ. ದೂರದಿಂದ, ಅವರಿಗೆ ಗೊತ್ತಾಗದಂತೆ ತೆಗೆದರೆ ಅವರಿಗೂ ತೊಂದರೆಯಿಲ್ಲ, ಚಿತ್ರವೂ ಸಹಜ. ಇನ್ನೊಂದು, ಅಪ್ಪಣೆಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಲೇಬಾರದು. ಎರಡನ್ನೂ ನಾವು ಒಪ್ಪುವುದಿಲ್ಲ. ನಮ್ಮ ವಾದ ಇಷ್ಟೆ: ಪರರನ್ನು ನೋಡಿ ನಗುವ ಚಿತ್ರ ತೆಗೆಯುವವನು ಅವರ ಕೈಗೆ ಸಿಗುವಷ್ಟು ಹತ್ತಿರ ಬರಬೇಕು. ಅವರು ಬೈದರೆ ಅವನಿಗೆ ಕೇಳಿಸಬೇಕು, ಅವರು ತಿರುಗಿ ನಕ್ಕರೆ ಅವನಿಗೆ ತಾಕಬೇಕು.

ಅಡಗಿ ನಿಂತು ತೆಗೆಯುವ ಚಾಳಿ ಇಂದಿನದಲ್ಲ. ಅದಕ್ಕೆ ದೊಡ್ಡ ದೊಡ್ಡವರ ಹೆಸರಿನ ಬೆಂಬಲವೇ ಇದೆ. ಅಮೆರಿಕದ ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಜನರ ಚಿತ್ರ ತೆಗೆಯುವಾಗ ಕ್ಯಾಮೆರಾದ ಪಕ್ಕಕ್ಕೆ ಒಂದು ಸುಳ್ಳು ಲೆನ್ಸ್ ಅಂಟಿಸಿಕೊಂಡಿದ್ದ. ಆತ ಬೇರೆಲ್ಲೋ ತೆಗೆಯುತ್ತಿದ್ದಾನೆಂದು ಜನ ತಿಳಿಯುತ್ತಿದ್ದರು, ನಿಜವಾದ ಲೆನ್ಸ್ ಅವರ ಮುಖಕ್ಕೇ ನೆಟ್ಟಿರುತ್ತಿತ್ತು. ಹಾಗೆ ಹುಟ್ಟಿದ ಚಿತ್ರಗಳಲ್ಲಿ ಅತ್ಯಂತ ಹೆಸರಾದದ್ದು, ಕೊರಳಿಗೆ 'ಕುರುಡಿ' ಎಂಬ ಹಲಗೆ ತೂಗಿಹಾಕಿಕೊಂಡ ಹೆಂಗಸಿನದು. ಕಣ್ಣಿಲ್ಲದವಳ ಮುಂದೆಯೂ ಸುಳ್ಳು ಲೆನ್ಸ್! ವಾಕರ್ ಎವಾನ್ಸ್ 1938ರಿಂದ 1941ರವರೆಗೆ ಅದೇ ಊರಿನ ಸುರಂಗ ರೈಲುಗಳಲ್ಲಿ ಕೋಟಿನ ಗುಂಡಿಗಳ ಸಂದಿಯಿಂದ ಲೆನ್ಸ್ ಇಣುಕಿಸಿ, ತೋಳಿನೊಳಗಿಂದ ತಂತಿ ಹಾಯಿಸಿ ಎದುರು ಕೂತವರ ಮುಖಗಳನ್ನು ಹಿಡಿದ. ಆ ಚಿತ್ರಗಳನ್ನು ಪುಸ್ತಕ ಮಾಡಲು ಮಾತ್ರ 1966ರವರೆಗೆ ಕಾದ. ಮಕ್ಕಳ ಆಟವನ್ನು ಅಷ್ಟು ಚೆನ್ನಾಗಿ ತೆಗೆದ ಹೆಲೆನ್ ಲೆವಿಟ್ ಕೂಡ, ಮುಖವನ್ನು ಒಂದು ಕಡೆ ತಿರುಗಿಸಿಕೊಂಡು ಇನ್ನೊಂದು ಕಡೆಯ ಚಿತ್ರ ತೆಗೆಯಲು ಬರುವ ಸಾಧನವೊಂದನ್ನು ಕ್ಯಾಮೆರಾಗೆ ಹಾಕಿಕೊಂಡಿದ್ದಳು.

ಫ್ರಾನ್ಸಿನ ಅನ್ರಿ ಕಾರ್ಟಿಯೆ ಬ್ರೆಸೋನ್ ಅಂತೂ ಈ ಕಲೆಯ ಉಸ್ತಾದ್ ಎಂದೇ ಹೆಸರಾದವನು. ಹೊಳೆಯುವ ಭಾಗ ಕಾಣಬಾರದೆಂದು ತನ್ನ ಲೈಕಾ ಕ್ಯಾಮೆರಾಗೆ ಕಪ್ಪು ಪಟ್ಟಿ ಸುತ್ತುತ್ತಿದ್ದ. 1932ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣವೊಂದರ ಹಿಂದೆ, ನಿಂತ ನೀರನ್ನು ದಾಟಲು ಹಾರಿದ ಮನುಷ್ಯನನ್ನು, ಇನ್ನೇನು ಅವನ ಹಿಮ್ಮಡಿ ನೀರಿಗೆ ತಾಕಬೇಕು ಎನ್ನುವ ಗಳಿಗೆಯಲ್ಲಿ, ಬೇಲಿಯ ಸಂದಿಯಿಂದ ಹಿಡಿದ. ಇಂದಿಗೂ ಅದನ್ನು ನೋಡಿದರೆ ನಗು ಬರುತ್ತದೆ, ಬೆರಗೂ ಆಗುತ್ತದೆ. ಆದರೆ ಇಡೀ ಲೋಕದ ಮುಖಗಳನ್ನು ಹಿಡಿದ ಈ ಮನುಷ್ಯ ತನ್ನ ಮುಖ ಯಾರ ಕ್ಯಾಮೆರಾಕ್ಕೂ ಸಿಗದಂತೆ ನೋಡಿಕೊಂಡ. 1975ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಾಗಲೂ ಮುಖಕ್ಕೆ ಕಾಗದ ಅಡ್ಡ ಹಿಡಿದಿದ್ದ. ತನಗೆ ಬೇಡವಾದದ್ದನ್ನು ಪರರಿಗೆ ಮಾಡಬೇಡ ಎಂಬುದು ಯಾವ ಧರ್ಮದಲ್ಲಿಲ್ಲ?

ಇವರ ಚಿತ್ರಗಳನ್ನು ಹರಿದುಹಾಕಿ ಎಂದು ನಾವು ಹೇಳುತ್ತಿಲ್ಲ. ಅವು ನಮಗೂ ಪ್ರಿಯವಾದ ಚಿತ್ರಗಳೇ. ಒಂದು ಮಾತನ್ನು ಮಾತ್ರ ನೆನಪಿಸುತ್ತೇವೆ: ಇವರು ಅಡಗಿದ್ದರೂ ಅದೇ ಕಾಲುದಾರಿಯಲ್ಲಿ, ಅದೇ ರೈಲಿನ ಸೀಟಿನಲ್ಲಿ ಇದ್ದರು. ಸಿಕ್ಕಿಬೀಳುವ ಭಯ ಇವರಿಗಿತ್ತು. ಮುಂದೆ ಬಂದವರಿಗೆ ಆ ಭಯವೂ ಉಳಿಯಲಿಲ್ಲ.

ಅದಕ್ಕೆ ಒಂದು ಪ್ರಕರಣವೇ ಸಾಕ್ಷಿ. ಫಿಲಿಪ್ ಲೋರ್ಕಾ ಡಿಕೋರ್ಸಿಯಾ ಎಂಬ ಅಮೆರಿಕದ ಛಾಯಾಗ್ರಾಹಕ 1999ರಿಂದ 2001ರವರೆಗೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಸಾರುವೆ ಕಂಬಗಳಿಗೆ ಫ್ಲ್ಯಾಷ್ ದೀಪ ಕಟ್ಟಿ, ತಾನು ದೂರ ನಿಂತು, ಉದ್ದ ಲೆನ್ಸಿನಲ್ಲಿ ದಾರಿಹೋಕರ ಮುಖಗಳನ್ನು ತೆಗೆದ. ಸಾವಿರಾರು ಚಿತ್ರಗಳಲ್ಲಿ ಹದಿನೇಳನ್ನು ಆರಿಸಿ 2001ರಲ್ಲಿ ಪ್ರದರ್ಶನಕ್ಕಿಟ್ಟ. ಅವುಗಳಲ್ಲಿ ಒಂದು ಮುಖ, ಬಿಳಿ ಗಡ್ಡ, ಕರಿ ಟೋಪಿಯ ವೃದ್ಧ ಯೆಹೂದಿಯೊಬ್ಬರದು. ಅವರ ಪಂಥದಲ್ಲಿ ಮನುಷ್ಯನ ಪ್ರತಿಮೆ ನಿಷಿದ್ಧ. ತಮ್ಮ ಮುಖ ಗ್ಯಾಲರಿಯಲ್ಲಿ ಮಾರಾಟವಾದ ಸಂಗತಿ ಅವರಿಗೆ ತಿಳಿದದ್ದು ವರ್ಷಗಳ ನಂತರ, 2005ರಲ್ಲಿ. ಅಷ್ಟರಲ್ಲಿ ಅದರ ಪ್ರತಿಗಳು ತಲಾ 20ರಿಂದ 30 ಸಾವಿರ ಡಾಲರಿಗೆ ಹೋಗಿದ್ದವು. ಅವರು ನ್ಯಾಯಾಲಯಕ್ಕೆ ಹೋದರು. ಅವರ ನಂಬಿಕೆ ಪ್ರಾಮಾಣಿಕವಾದದ್ದೇ, ಆದರೆ ಈ ಚಿತ್ರ ಕಲೆ, ಕಲೆಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು 2006ರಲ್ಲಿ ತೀರ್ಪು ಬಂತು. 2007ರಲ್ಲಿ ಮೇಲಿನ ನ್ಯಾಯಾಲಯವೂ ಅವರ ಕೈ ಹಿಡಿಯಲಿಲ್ಲ.

ತೀರ್ಪು ತಪ್ಪೆಂದು ನಾವು ಹೇಳುವುದಿಲ್ಲ. ಬೀದಿಯ ಚಿತ್ರಕ್ಕೆಲ್ಲ ಅಪ್ಪಣೆ ಚೀಟಿ ಬೇಕೆಂದರೆ, ಪೊಲೀಸನು ಎತ್ತಿದ ಲಾಠಿಗೂ ಅವನ ಅಪ್ಪಣೆ ಕೇಳಬೇಕಾಗುತ್ತದೆ. 2014ರಲ್ಲಿ ಹಂಗೇರಿ ದೇಶ ಚಿತ್ರ ತೆಗೆಯುವುದಕ್ಕೇ ಒಪ್ಪಿಗೆ ಬೇಕೆಂದು ಕಾನೂನು ತಂದಾಗ ಅಲ್ಲಿನ ಪತ್ರಿಕಾ ಛಾಯಾಗ್ರಾಹಕರು ದಿಗಿಲುಬಿದ್ದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಹಕ್ಕನ್ನು ಹಿಡಿದು ಬೀದಿಯ ಕ್ಯಾಮೆರಾಗಳನ್ನೆಲ್ಲ ಮುಚ್ಚಿಸುವುದು ನಮ್ಮ ಆಸೆಯಲ್ಲ. ನಮಗೆ ಕಾಡುವುದು ಬೇರೆ. ಆ ಯೆಹೂದಿ ವೃದ್ಧರಿಗೆ 'ನಿಮ್ಮ ಚಿತ್ರ ತೆಗೆದೆ' ಎಂದು ಹೇಳಲು ಅಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಅಂದೇ, ಆ ಕಾಲುದಾರಿಯಲ್ಲೇ ಎರಡು ಮಾತಿನಲ್ಲಿ ಮುಗಿಯಬಹುದಾಗಿದ್ದ ಜಗಳಕ್ಕೆ ಅವರು ವರ್ಷಗಳು ಕಳೆದ ಮೇಲೆ ವಕೀಲರನ್ನು ಹುಡುಕಬೇಕಾಯಿತು. ದೂರ ನಿಂತು ತೆಗೆದದ್ದರಿಂದ ಅವರಿಗೆ ತೊಂದರೆಯಾಗಲಿಲ್ಲ ಎನ್ನುವವರು ಇದನ್ನು ನೆನಪಿಡಲಿ.

ಹತ್ತಿರ ಹೋದರೆ, ಅಪ್ಪಣೆ ಕೇಳಿದರೆ ಸಹಜತೆ ಕೆಡುತ್ತದೆ ಎಂಬ ಆಕ್ಷೇಪವಿದೆ. ಅಪ್ಪಣೆ ಮೊದಲೇ ಕೇಳಬೇಕೆಂದು ನಾವು ಹೇಳಲೇ ಇಲ್ಲ. ಕೇಳಿದರೆ ಚಾಚಾ ಟೋಪಿ ಸರಿಮಾಡಿಕೊಳ್ಳುತ್ತಿದ್ದರು, ಹೋತವನ್ನು ಪಕ್ಕಕ್ಕೆ ತಳ್ಳುತ್ತಿದ್ದರು, ನಗು ಹೋಗುತ್ತಿತ್ತು. ಆ ಹುಡುಗ ಮೊದಲು ಒತ್ತಿದ, ಆಮೇಲೆ ಅಲ್ಲೇ ಇದ್ದ. ಈ 'ಅಲ್ಲೇ ಇರುವುದು' ಮುಖ್ಯ. ಬೇಡ ಎನ್ನುವ ಅವಕಾಶ ಚಾಚಾಗೆ ಇತ್ತು, ಅವರು ಅದನ್ನು ಬಳಸಲಿಲ್ಲ ಅಷ್ಟೆ.

ಇದು ನೀತಿಯ ಮಾತು ಮಾತ್ರವಲ್ಲ, ಲೆನ್ಸಿನ ಲೆಕ್ಕವೂ ಹೌದು. 200 ಮಿ.ಮೀ. ಲೆನ್ಸು ಬೀದಿಯ ಆಚೆಗಿನ ಮುಖವನ್ನು ಎಳೆದು ತರುತ್ತದೆ. ತರುವಾಗ ಬೀದಿಯನ್ನು ಅಲ್ಲೇ ಬಿಟ್ಟು ಬರುತ್ತದೆ, ಹಿಂದಿನದೆಲ್ಲ ಮಸುಕಾಗುತ್ತದೆ. 28 ಅಥವಾ 35 ಮಿ.ಮೀ. ಲೆನ್ಸಿಗೆ ಮುಖ ದೊಡ್ಡದಾಗಿ ಬೇಕೆಂದರೆ ಛಾಯಾಗ್ರಾಹಕನೇ ಒಂದೆರಡು ಹೆಜ್ಜೆಯ ಅಂತರಕ್ಕೆ ನಡೆದುಹೋಗಬೇಕು. ಆಗ ಮುಖದ ಜೊತೆ ಅಂಗಡಿ, ಆಟೋ, ನೋಡುತ್ತ ನಿಂತವರು ಎಲ್ಲ ಬರುತ್ತಾರೆ. ಹಾಸ್ಯ ಎಲ್ಲಿರುತ್ತದೆ ಹೇಳಿ? ಒಂದು ವಸ್ತು ಇನ್ನೊಂದರ ಪಕ್ಕ ಬಂದಾಗ ಹುಟ್ಟುವುದು ಅದು. ಗಾದಿ ಅಂಗಡಿಯ ಗೋಡೆಯ ಫೋಟೋದಲ್ಲಿ ಆಟೋ ಡ್ರೈವರನು ತಲೆ ಚಚ್ಚಿಕೊಳ್ಳುವುದು ಕಾಣುತ್ತದೆ, ಮಕ್ಕಳು ಬಾಯಿಬಿಟ್ಟು ನಿಂತದ್ದು ಕಾಣುತ್ತದೆ, ಮೂಲೆಯಲ್ಲಿ ನಮ್ಮ ಅರ್ಧ ಹೊಟ್ಟೆಯೂ ಕಾಣುತ್ತದೆ. ಮೊಬೈಲಿಗೆ ಬಂದ ಫೋಟೋದಲ್ಲಿ ಇದ್ದದ್ದು ಎರಡು ಗಡ್ಡ ಮಾತ್ರ. ಬೀದಿ ಕತ್ತರಿಸಿಹೋದ ಜಾಗದಲ್ಲಿ ಯಾರು ಬೇಕಾದರೂ ತಮ್ಮ ಮಾತು ಬರೆಯಬಹುದಿತ್ತು, ಬರೆದರು.

ಹಾಗಾದರೆ ಹತ್ತಿರ ಹೋದದ್ದೆಲ್ಲ ಒಳ್ಳೆಯದೇ? ಅಲ್ಲ. ನ್ಯೂಯಾರ್ಕಿನ ಬ್ರೂಸ್ ಗಿಲ್ಡನ್ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಫ್ಲ್ಯಾಷ್ ಹಿಡಿದು ಎದುರು ಬರುವವರ ಮುಖಕ್ಕೆ ಬೆಳಕು ಹೊಡೆದು ತೆಗೆಯುವುದಕ್ಕೆ ಹೆಸರಾದವನು. ಆ ಚಿತ್ರಗಳಲ್ಲಿ ಜನ ಬೆಚ್ಚಿದ್ದಾರೆ, ಕಣ್ಣು ಕಿರಿದು ಮಾಡಿದ್ದಾರೆ. ಬಲವಾದ ಚಿತ್ರಗಳೇ ಅವು. ಆದರೆ ಅಲ್ಲಿ ಕಾಣುವ ಗಾಬರಿ ಆ ಜನರು ಮನೆಯಿಂದ ತಂದದ್ದಲ್ಲ, ಕ್ಯಾಮೆರಾದವನು ಕೊಟ್ಟದ್ದು. ತಾನೇ ಚಿವುಟಿ, ಮಗು ಅತ್ತಿತೆಂದು ತೋರಿಸಿದರೆ ಅದನ್ನು ಸಹಜ ಎನ್ನಬಹುದೆ? ಇಂಥವರು ಆಶ್ರಯಿಸುವ ಮಾತೊಂದಿದೆ: ಚಿತ್ರ ಚೆನ್ನಾಗಿಲ್ಲವೆಂದರೆ ನೀನು ಸಾಕಷ್ಟು ಹತ್ತಿರ ಹೋಗಿಲ್ಲ ಎಂಬ ಅರ್ಥದ್ದು. ಅದು ರಾಬರ್ಟ್ ಕಾಪಾನ ಹೆಸರಿನಲ್ಲಿ ನಡೆದುಬಂದಿದೆ. ಕಾಪಾ ಯುದ್ಧದ ಛಾಯಾಗ್ರಾಹಕ. 1954ರಲ್ಲಿ ಇಂಡೋಚೈನಾದಲ್ಲಿ ನೆಲಬಾಂಬು ತುಳಿದು ಸತ್ತ. ಹತ್ತಿರ ಹೋದದ್ದಕ್ಕೆ ಆತ ಬೆಲೆ ತೆತ್ತ. ಯಾವ ಬೆಲೆಯನ್ನೂ ತೆರದೆ ಅವನ ಮಾತನ್ನು ಎರವಲು ತರುವುದು ಸುಲಭ. ಇಂದು ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಮುದುಕರ ಮುಂದೆ ಮೊಬೈಲ್ ಹಿಡಿದು ಕೀಟಲೆ ಮಾಡಿ ಓಡಿಹೋಗುವ ಹುಡುಗರೂ ಹತ್ತಿರವೇ ಬರುತ್ತಾರೆ. ಬರುವುದು ಹತ್ತಿರ, ನಿಲ್ಲುವುದಿಲ್ಲ. ಆ ಮುದುಕರ ಸಿಟ್ಟು ಅವರ ಬೆನ್ನಿಗೆ ಮಾತ್ರ ಸಿಗುತ್ತದೆ.

ಇನ್ನು ನಗುವಿನ ಪ್ರಶ್ನೆ. ಇಂಗ್ಲೆಂಡಿನ ಮಾರ್ಟಿನ್ ಪಾರ್ 1983ರಿಂದ 1985ರವರೆಗೆ ಲಿವರ್‌ಪೂಲ್ ಬಳಿಯ ನ್ಯೂ ಬ್ರೈಟನ್ ಕಡಲತೀರದಲ್ಲಿ ರಜೆ ಕಳೆಯಲು ಬಂದ ಕೂಲಿ ಕಾರ್ಮಿಕ ಕುಟುಂಬಗಳ ಬಣ್ಣದ ಚಿತ್ರ ತೆಗೆದ. ಕಸದ ರಾಶಿಯ ಪಕ್ಕ ತಿಂಡಿ ತಿನ್ನುವವರು, ಐಸ್‌ಕ್ರೀಮ್ ಮುಖಕ್ಕೆ ಮೆತ್ತಿಕೊಂಡ ಮಕ್ಕಳು. 1986ರಲ್ಲಿ ಅದು ಪುಸ್ತಕವಾದಾಗ, ಮಧ್ಯಮವರ್ಗದವನೊಬ್ಬ ಬಡವರನ್ನು ಹಾಸ್ಯ ಮಾಡಿದ್ದಾನೆಂದು ದೊಡ್ಡ ಗದ್ದಲವಾಯಿತು. 1994ರಲ್ಲಿ ಮ್ಯಾಗ್ನಮ್ ಸಂಸ್ಥೆಗೆ ಅವನನ್ನು ಸೇರಿಸಿಕೊಳ್ಳಲು ಕೂಡ ಒಳಗಿನವರ ವಿರೋಧವಿತ್ತು, ಕೂದಲೆಳೆಯಲ್ಲಿ ಒಳಗೆ ಬಂದ. ಆ ಆಪಾದನೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಪಾರ್ ಅಲ್ಲಿಗೇ ನಿಲ್ಲಲಿಲ್ಲ. 1989ರ ಪುಸ್ತಕದಲ್ಲಿ ತನ್ನದೇ ವರ್ಗದ ಸುಖಜೀವಿಗಳ ಔತಣಕೂಟಗಳಿಗೆ ಅದೇ ಕ್ಯಾಮೆರಾ ತಿರುಗಿಸಿದ. ಆಮೇಲೆ ದೇಶದೇಶಗಳ ಬೀದಿ ಸ್ಟುಡಿಯೋಗಳಿಗೆ ಹೋಗಿ, ಅಲ್ಲಿನವರು ಕೂರಿಸಿದಂತೆ ಕೂತು, ತನ್ನನ್ನೇ ಕೋಡಂಗಿ ಮಾಡಿಕೊಂಡು ತೆಗೆಸಿಕೊಂಡ ಚಿತ್ರಗಳನ್ನು 2000ದಲ್ಲಿ ಪುಸ್ತಕ ಮಾಡಿದ. ಮುಖಕ್ಕೆ ಕಾಗದ ಹಿಡಿದ ಉಸ್ತಾದನಿಗಿಂತ ಈ ವಿಷಯದಲ್ಲಿ ಇವನೇ ನಮಗೆ ಹತ್ತಿರದವನು.

ಎಲಿಯಟ್ ಎರ್ವಿಟ್ ಎಂಬ ಇನ್ನೊಬ್ಬನಿದ್ದ, 2023ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ನಾಯಿಗಳ ಚಿತ್ರಗಳು ಲೋಕಪ್ರಸಿದ್ಧ. 1946ರಲ್ಲಿ ನ್ಯೂಯಾರ್ಕಿನ ಕಾಲುದಾರಿಯಲ್ಲಿ ಸ್ವೆಟರ್ ತೊಟ್ಟ ಒಂದು ಪುಟ್ಟ ನಾಯಿಯನ್ನು ತೆಗೆಯಲು ಕ್ಯಾಮೆರಾವನ್ನು ನೆಲಕ್ಕೇ ಇಳಿಸಿದ. ಚಿತ್ರದಲ್ಲಿ ಒಡತಿಯ ಪಾದಗಳಷ್ಟೇ ಇವೆ, ಅವು ನಾಯಿಯ ಮುಂದೆ ಕಂಬಗಳಂತೆ ಕಾಣುತ್ತವೆ. ನಾಯಿಗಳ ಗಮನ ಸೆಳೆಯಲು ಬೀದಿಯಲ್ಲಿ ನಿಂತು ತಾನೇ ಬೊಗಳುತ್ತಿದ್ದನಂತೆ. ಹಾಗೆ ಬೊಗಳಿದಾಗ ಬೀದಿಯ ಜನ ನಕ್ಕದ್ದು ನಾಯಿಯನ್ನು ನೋಡಿಯೋ, ಅವನನ್ನು ನೋಡಿಯೋ?

ನಮ್ಮ ನಾಡಿನಲ್ಲೂ ಈ ಪರಂಪರೆ ಇಲ್ಲದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು, ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ' ಬರೆದವರು. ಅವರಿಗೆ ಪ್ರಿಯವಾದದ್ದು ಸಾಮಾನ್ಯ ಜನರ ದಿನದ ಬದುಕು, ಅದರಲ್ಲೂ ಮಕ್ಕಳು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳ ಮುಖ ನೋಡಿ. ಎದುರಿಗೆ ಇರುವವನನ್ನು ಅವರು ಒಪ್ಪಿಕೊಂಡಿದ್ದಾರೆ ಎಂಬುದು ಗೊತ್ತಾಗುತ್ತದೆ. ಮಹಡಿ ಮೆಟ್ಟಿಲಿನಿಂದ ಆ ಮುಖ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಥೆ ಬರೆಯುವ ನಾವೂ ಕದಿಯುವವರೇ. ಬಸ್ಸಿನಲ್ಲಿ ಹಿಂದಿನ ಸೀಟಿನ ಅತ್ತೆ ಸೊಸೆಯರ ಜಗಳಕ್ಕೆ ಕಿವಿ ಕೊಟ್ಟು, ಮನೆಗೆ ಬಂದು ಕಥೆ ಮಾಡಿದ್ದೇವೆ. ಹೆಸರು, ಊರು ಬದಲಾಯಿಸಿದರೆ ಮುಗಿಯಿತು ಎಂದುಕೊಂಡಿದ್ದೇವೆ. ಫೋಟೋದವನಿಗೆ ಆ ಸೌಕರ್ಯವಿಲ್ಲ, ಮುಖವನ್ನು ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ಅವನ ಜವಾಬ್ದಾರಿ ನಮಗಿಂತ ಒಂದು ತೂಕ ಹೆಚ್ಚು.

ಅಪ್ಪಣೆಯಿಲ್ಲದೆ ತೆಗೆಯಲೇಬಾರದು ಎನ್ನುವ ನಮ್ಮವರಿಗೂ ಒಂದು ಮಾತಿದೆ. ಜನಾಬ್, ಹಾಗಾದರೆ ನಾಳೆ ನಮ್ಮ ಮೊಮ್ಮಕ್ಕಳಿಗೆ ಉಳಿಯುವುದು ಯಾವ ಚಿತ್ರ? ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ಕೂತ ಮದುವೆ ಫೋಟೋ, ಗುರುತಿನ ಚೀಟಿಯ ಫೋಟೋ, ಪತ್ರಿಕೆಯಲ್ಲಿ ಬಂದ ಗಲಭೆಯ ಫೋಟೋ. ಪತ್ರಿಕೆಗಳಲ್ಲಿ ನಾವು ಸಾಲಾಗಿ ನಮಾಜಿಗೆ ಬಾಗಿರುತ್ತೇವೆ, ಇಲ್ಲವೇ ಅಳುತ್ತಿರುತ್ತೇವೆ. ಹೋತದ ಕಿವಿಯನ್ನು ಊದಿ ಸರಿಸುವ ಮನುಷ್ಯ ಅಲ್ಲೆಲ್ಲಿ ಸಿಗುತ್ತಾನೆ? ನಗೆಪಾಟಲಾಗುವುದು ಬೇರೆ, ನಗು ಬರಿಸುವವರಾಗುವುದು ಬೇರೆ. ಎರಡನೆಯದು ಎಲ್ಲ ಮನುಷ್ಯರ ಹಕ್ಕು. ಅದು ಇಲ್ಲದ ಜನ ಬೇರೆಯವರ ಕಣ್ಣಿಗೆ ಮನುಷ್ಯರಂತೆ ಕಾಣುವುದೇ ಇಲ್ಲ. ಹಾಗೆಂದು ಒಬ್ಬ ಹೆಣ್ಣುಮಗಳು ಬೇಡ ಎಂದು ಕೈ ಅಡ್ಡ ಹಿಡಿದರೆ, ಮಾತು ಅಲ್ಲಿಗೆ ಮುಗಿಯಿತು. ಆ ಕೈ ಕಾಣಬೇಕಾದರೂ ಛಾಯಾಗ್ರಾಹಕ ಹತ್ತಿರವೇ ಇರಬೇಕು.

ಕನ್ನಡದಲ್ಲಿ ನಾವು ಫೋಟೋ 'ತೆಗೆಯುತ್ತೇವೆ'. ಬಟ್ಟೆ ತೆಗೆಯುವುದಕ್ಕೂ, ದೃಷ್ಟಿ ತೆಗೆಯುವುದಕ್ಕೂ ಅದೇ ಮಾತು. ಉರ್ದುವಿನಲ್ಲೂ ಹಾಗೆಯೇ, ತಸ್ವೀರ್ 'ಉತಾರ್‌ನಾ', ಕಪ್ಡೇ 'ಉತಾರ್‌ನಾ', ನಜರ್ 'ಉತಾರ್‌ನಾ'. ಮೈಮೇಲಿನದನ್ನು ಕಳಚುವವನು ಯಾರು, ದೃಷ್ಟಿ ನಿವಾಳಿಸುವವನು ಯಾರು ಎಂದು ಕೇಳಿದರೆ ನಮ್ಮ ಮನೆಯ ಹೆಂಗಸರು ಥಟ್ಟನೆ ಹೇಳಿಯಾರು: ದೃಷ್ಟಿ ನಿವಾಳಿಸುವುದು ಮಹಡಿಯ ಮೇಲೆ ನಿಂತಲ್ಲ, ಎದುರಿಗೆ ಕೂರಿಸಿಕೊಂಡು.

ಕ್ಯಾಮೆರಾ ಹಿಡಿದು ಬೀದಿಗೆ ಬರುವ ಹುಡುಗರಿಗೆ, ಹುಡುಗಿಯರಿಗೆ ನಮ್ಮ ವಿನಂತಿ ದೊಡ್ಡದೇನಲ್ಲ. ಉದ್ದ ಲೆನ್ಸನ್ನು ಹಕ್ಕಿಗಳಿಗೆ ಇಟ್ಟುಕೊಳ್ಳಿ. ನಮ್ಮ ಬಳಿಗೆ ಬನ್ನಿ. ತೆಗೆದ ಮೇಲೆ ಓಡಬೇಡಿ, ಕ್ಯಾಮೆರಾ ಇಳಿಸಿ ನಿಲ್ಲಿ. ತೋರಿಸಿ ಎಂದರೆ ತೋರಿಸಿ, ಅಳಿಸಿ ಎಂದರೆ ಅಳಿಸಿ. ಸಾಧ್ಯವಾದರೆ ಒಂದು ಪ್ರತಿ ತಂದುಕೊಡಿ. ಬೈಗುಳ ಸಿಕ್ಕರೆ ತಿನ್ನಿ, ಚಹಾ ಸಿಕ್ಕರೆ ಕುಡಿಯಿರಿ. ಚೀಲದ ಪಟ್ಟಿಯನ್ನು ಮಾತ್ರ ನೋಡಿಕೊಳ್ಳಿ.

ಗಾದಿ ಅಂಗಡಿಯ ಗೋಡೆಯಲ್ಲಿ ಆ ಫೋಟೋ ಈಗಲೂ ಇದೆ. ಹೊಸ ಗಿರಾಕಿ ಬಂದು ಇದು ಯಾರು ಎಂದು ಕೇಳಿದರೆ ಚಾಚಾ ಹತ್ತಿ ಎಳೆಯುವುದನ್ನು ನಿಲ್ಲಿಸಿ ಮೊದಲು ಹೋತವನ್ನು ತೋರಿಸುತ್ತಾರೆ. ಕುರ್ಬಾನಿಯಾಗಿ ಹೋದ ಆ ಪ್ರಾಣಿಗೆ ಅವರು ಇಂದಿಗೂ ಆಟೋ ಬಾಡಿಗೆಯ ಬಾಕಿ ಹೇಳುತ್ತಾರೆ.